ಬೆವರು ಆರುವುದರೊಳಗೆ

ಕಲ್ಲು ಎತ್ತಿದವನು ಬೆವರು ಆರುವುದರೊಳಗೆ ತಿನ್ನದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಆಗ ಹಿರೇಮಾಳದಲ್ಲಿ ಎಲ್ಲರೂ ನಂಬಿದ್ದರು. ಗರಡಿಮನೆಯ ವಸ್ತಾದಿ ಬುಡನಸಾಬ್ ನಂಬಿದ್ದ. ಗರಡಿಗೆ ಕಾಲಿಡದವರು ಅವನಿಗಿಂತ ಗಟ್ಟಿಯಾಗಿ ನಂಬಿದ್ದರು.

ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಹೊನ್ನವ್ವನೂ ನಂಬಿದ್ದಳು. ಅವಳಿಗೆ ಒಬ್ಬನೇ ಮಗ, ಮೈಲಾರಿ. ಇಪ್ಪತ್ತು ತುಂಬಿದ ಆಳು. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ, ಕೂದಲಷ್ಟು ಹೆಚ್ಚಿಲ್ಲ, ಕೂದಲಷ್ಟು ಕಡಿಮೆಯಿಲ್ಲ. ಅವಳಿಗೆ ಎದೆಬೇನೆ. "ನಾ ಹೋದ ಮ್ಯಾಲ ಇವಗ ಯಾರು ಕೂಳು ಹಾಕ್ತಾರ?" ಎಂಬುದೊಂದೇ ಚಿಂತೆ. ದವಸದ ಮಂಡಿಯ ಹಮಾಲರ ಮುಖಂಡ ಒಂದು ಮಾತು ಕೊಟ್ಟಿದ್ದ: "ಕ್ವಿಂಟಲ್ ಚೀಲ ಹೊರೋವಂಗ ಆಗಲಿ, ಕರಕೊಂತೀನಿ."

ಹೊನ್ನವ್ವ ಮಗನನ್ನು ಗರಡಿಗೆ ಹಾಕಿದಳು. ತಾನು ಹಾಲು ಬಿಟ್ಟು ಕರಿ ಚಹಾ ಕುಡಿಯತೊಡಗಿದಳು. ಮೊದಲ ದಿನ ನೆನೆಸಿದ ಕಡಲೆ, ಬೆಲ್ಲ, ನಾಲ್ಕು ಬಾಳೆಹಣ್ಣು ಕಟ್ಟಿಕೊಟ್ಟಳು.

"ಕಲ್ಲು ಇಳಿಸಿದ ಕೂಡ್ಲೇ ತಿನ್ನು."

"ಆತವ್ವಾ."

ಮೈಲಾರಿ ಕಲ್ಲು ಎತ್ತಿದ. ಇಳಿಸಿದ. ತಿಂದ. ಮತ್ತೆ ಎತ್ತಿದ. ಇಳಿಸಿದ. ತಿಂದ. ಹನ್ನೊಂದನೆಯ ಸಲ ಬಗ್ಗಿದಾಗ ಹತ್ತು ಸಲ ತಿಂದದ್ದೂ ಕೆಮ್ಮಣ್ಣಿನ ಮೇಲೆ ಬಂತು.

"ಏ ಗೂಬೆ!" ಮನೆಗೆ ಬಂದ ಮಗನಿಗೆ ಹೊನ್ನವ್ವ ಬೈದಳು. "ಹಿಂಗ ಯಾರರ ತಿಂತಾರೇನೋ?"

"ಇಳಿಸಿದ ಕೂಡ್ಲೇ ಅಂದಿದ್ದೆಲ್ಲವ್ವಾ!"

"ಎಲ್ಲಾ ಮುಗಿದ ಮ್ಯಾಲ ತಿನ್ನಬೇಕೋ!"

"ಆತವ್ವಾ."

ಮರುದಿನ ಅವಳು ಒಂದು ತಂಬಿಗೆ ಹಾಲು ಕೊಟ್ಟು ಕಳಿಸಿದಳು. ಮೈಲಾರಿ ತನ್ನದು ಮುಗಿಸಿ ಮೂಲೆಯಲ್ಲಿ ಕೂತ. ಒಬ್ಬ ಮುಗಿಸಿ ಹೋದ. ಇನ್ನೊಬ್ಬ ಮುಗಿಸಿ ಹೋದ. ಮಧ್ಯಾಹ್ನ ಬುಡನಸಾಬ್ ಬೀಗ ಹಾಕಲು ಬಂದ.

"ಇನ್ನೂ ಯಾಕ ಕುಂತೀಯೋ?"

"ಎಲ್ಲಾರದೂ ಮುಗೀಲಿ ಅಂತ್ರಿ."

ಅಷ್ಟರಲ್ಲಿ ತಂಬಿಗೆಯ ಹಾಲು ಒಡೆದಿತ್ತು.

"ಮಂದೀನ ಕಟಗೊಂಡು ನಿನಗೇನಾಗಬೇಕೋ!" ಹೊನ್ನವ್ವ ಹಣೆ ಚಚ್ಚಿಕೊಂಡಳು. "ಆ ಹಾಲು ನಿನ್ನ ತೋಳಿಗೆ ಹೋಗಬೇಕು, ತೋಳಿಗೆ!"

"ಆತವ್ವಾ."

ಮೂರನೆಯ ದಿನ ಬಲತೋಳಿಗೆ ಅರ್ಧ, ಎಡತೋಳಿಗೆ ಅರ್ಧ ಸುರಿದುಕೊಂಡು ಬಂದ. ನೆಕ್ಕುತ್ತ ಹಿಂದೆ ಎರಡು ನಾಯಿ.

"ಅಯ್ಯೋ ನನ್ನ ಕರ್ಮವೇ! ಇನ್ನ ಚೀಲ ಹೊರಾಕ ಆ ನಾಯಿಗಳನ್ನ ಕಳಸಲೇನೋ?"

"ತೋಳಿಗೆ ಅಂದಿದ್ದೆಲ್ಲವ್ವಾ!"

ಬೈದು ಬೈದು ಅವಳಿಗೆ ಉಸಿರು ಹತ್ತಿತು. ಎದೆ ಹಿಡಿದುಕೊಂಡು ಕೂತು, ನಿಧಾನವಾಗಿ, ಎಲ್ಲಿಯೂ ಸಂದು ಉಳಿಯದಂತೆ ಹೇಳಿದಳು: "ಕೇಳಿಲ್ಲೆ. ಇನ್ನ ನಿನ್ನ ಕೈಯಾಗ ಏನೂ ಕೊಡಂಗಿಲ್ಲ. ಭಾರ ಇಳಿಸಿದ್ಯೋ, ಅಲ್ಲಿ ನಿಲ್ಲಬ್ಯಾಡ. ಯಾರು ಕರದ್ರೂ ನಿಲ್ಲಬ್ಯಾಡ. ಓಡಿ ಮನಿಗೆ ಬಾ. ಒಲಿ ಮುಂದ ಕುಂದ್ರು. ನಾ ಬಂದು ಬಡಸ್ತೀನಿ."

"ಆತವ್ವಾ."

ಈ ಸಲ ತಪ್ಪಲಿಲ್ಲ. ಕಲ್ಲು ಇಳಿಸಿದ, ಓಡಿದ, ಒಲೆ ಮುಂದೆ ಕೂತ. ಹೊನ್ನವ್ವ ರೊಟ್ಟಿ, ಕಾಳುಪಲ್ಯ, ಮೊಟ್ಟೆ, ಹಾಲು ಬಡಿಸಿದಳು. ಮೂರು ತಿಂಗಳು ಹೀಗೆಯೇ ನಡೆಯಿತು. ಮಗನ ತೋಳು ತುಂಬಿತು. ತಾಯಿಯ ಬಳೆ ಮೊಣಕೈವರೆಗೆ ಜಾರತೊಡಗಿತು. ಊರು ಮಗನ ತೋಳನ್ನಷ್ಟೇ ನೋಡಿತು, ಬೆವರಿನ ಮಾತು ನಿಜ ಎಂದಿತು.

ಒಂದು ಶನಿವಾರ ಬೆಳಿಗ್ಗೆ ಹೊನ್ನವ್ವ ರೊಟ್ಟಿ ಬಡಿಯುತ್ತಲೇ ಕುಸಿದಳು.

"ಎತ್ತಿಕೋ ಮಗನ," ಎಂದಳು. "ದವಾಖಾನಿಗೆ ಒಯ್ಯಿ."

ಮೈಲಾರಿ ಎತ್ತಿ ಹೆಗಲಿಗೆ ಹಾಕಿಕೊಂಡ. ಮಂಡಿಯ ಮುಂದೆ, ಸಂತೆಯ ನಡುವೆ, ಒಂದೂವರೆ ಮೈಲಿ ನಿಲ್ಲದೆ ನಡೆದ. ಮುಖಂಡ ಲಾರಿಯ ಪಕ್ಕದಿಂದ ನೋಡಿದ.

"ಏ ಮೈಲಾರಿ! ಹಿಂಗ ಹೊರೋದಾದ್ರ ಸೋಮವಾರದಿಂದ ಬಾರೋ!"

ಹೊನ್ನವ್ವನಿಗೆ ಕೇಳಿಸಿತು. "ಆತ್ರಿ ಅನ್ನು," ಎಂದಳು.

"ಆತ್ರಿ."

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಮೈಲಾರಿ ತಾಯಿಯನ್ನು ಇಳಿಸಿದ. ಮೈಯೆಲ್ಲ ಬೆವರು. ನರ್ಸ್ "ಏ, ನಿಲ್ಲಪಾ! ಹೆಸರು ಬರಸು!" ಎಂದು ಕೂಗಿದಳು. ಅವನು ನಿಲ್ಲಲಿಲ್ಲ. ಓಡಿದ.

ಡಾಕ್ಟರು ಬಂದು ನಾಡಿ ಹಿಡಿದರು. "ಜೊತೀಗೆ ಯಾರದಾರವ್ವಾ?"

"ಮಗ ಅದಾನ್ರಿ."

"ಎಲ್ಲಿ?"

"ಉಣ್ಣಾಕ ಹೋಗ್ಯಾನ್ರಿ. ಬೈಬ್ಯಾಡ್ರಿ. ನಾನ ಹೇಳೀನಿ." ಆಮೇಲೆ ಎರಡು ಸಲ ಬಾಗಿಲ ಕಡೆ ನೋಡಿದಳು. ಮೂರನೆಯ ಸಲ ನೋಡಲಿಲ್ಲ.

ಸುದ್ದಿ ಹೇಳಲು ಬುಡನಸಾಬ್ ಮನೆಗೆ ಬಂದಾಗ ಮೈಲಾರಿ ಆರಿದ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಖಾಲಿ ತಾಟು. ಪಕ್ಕದ ಬುಟ್ಟಿಯಲ್ಲಿ ಬೆಳಿಗ್ಗೆ ಬಡಿದ ರೊಟ್ಟಿ ಹಾಗೆಯೇ ಇದ್ದವು.

"ವಸ್ತಾದ್ರ, ಬೆವರು ಆರಿ ಹೋತು," ಎಂದ ಗಾಬರಿಯಿಂದ. "ಅವ್ವ ಬಡಸಾಕ ಇನ್ನೂ ಬರವಲ್ಲಳು!"

ತಾಯಿಯನ್ನು ಬಿಟ್ಟು ಓಡಿದ್ದಕ್ಕೆ ಬೈಯಬೇಕೆಂದೂ ಬಂದಿದ್ದ ಬುಡನಸಾಬ್ ಬೈಯಲಿಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ತಾಟಿಗೆ ಹಾಕಿದ.

ಬೆವರು ಆರಿದ ಮೇಲೆ ತಿಂದರೂ ಮೈಗೆ ಹತ್ತುತ್ತದೆ.