ಹೆಜ್ಜಾರ್ಲೆಯ ದಾನ, ನೀರುನಾಯಿಗಳ ಸಾಲು

ಮಕ್ಕಳೇ, ಈ ಕತೆ ಹೇಳಲು ಕೂತರೆ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ನೀವು ಕೇಳಿ.

ಕಾಡಿನ ನಡುವೆ ಒಂದು ದೊಡ್ಡ ಮಡುವಿತ್ತು. ಅಲ್ಲಿ ನೀರುನಾಯಿಗಳ ಹಿಂಡೊಂದು ವಾಸವಾಗಿತ್ತು. ಅವು ಅರ್ಧಚಂದ್ರದ ಹಾಗೆ ಸಾಲುಗಟ್ಟಿ ಈಜುತ್ತಾ ಮೀನುಗಳನ್ನು ದಡದ ಕಡೆಗೆ ಅಟ್ಟುತ್ತಿದ್ದವು. ಮುಂದಾಳು ಸಿಳ್ಳೆ ಹಾಕಿದ ಮೇಲೆಯೇ ಎಲ್ಲರೂ ಬಾಯಿ ಹಾಕಬೇಕು. ಅದಕ್ಕೆ ಮೊದಲೇ ಒಬ್ಬ ಆಸೆಬಿದ್ದು ನುಗ್ಗಿದರೂ ಸಾಲು ಒಡೆದು ಮೀನೆಲ್ಲ ಜಾರಿಹೋಗುತ್ತಿತ್ತು.

ಒಂದು ವರ್ಷ ಹುಚ್ಚು ಪ್ರವಾಹ ಬಂದು ಮುಂದಾಳುಗಳೆಲ್ಲ ಕೊಚ್ಚಿಹೋದರು. ಉಳಿದವರು ಹಿಂದೆ ಈಜಿಯೇ ಅಭ್ಯಾಸವಾದವರು. ಯಾವ ಹೊತ್ತಿಗೆ ಸಿಳ್ಳೆ ಹಾಕಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಮುದುಕಿ ಸಂಕಜ್ಜಿಗೆ ಮಾತ್ರ ಗೊತ್ತಿತ್ತು, ಆದರೆ ಅವಳ ಹಿಂಗಾಲು ಮುರಿದಿತ್ತು.

ಆಗ ಬಂದವನು ದಾನಪ್ಪನೆಂಬ ಹೆಜ್ಜಾರ್ಲೆ ಹಕ್ಕಿ. ದಿನಾ ಬೆಳಿಗ್ಗೆ ಕೊಕ್ಕಿನ ಚೀಲದ ತುಂಬ ಮೀನು ತಂದು ಬಂಡೆಯ ಮೇಲೆ ಸುರಿಯುತ್ತಿದ್ದ. ಪ್ರವಾಹದ ದಿನಗಳಲ್ಲಿ ಅದು ದೊಡ್ಡ ಉಪಕಾರವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ನೀರು ಇಳಿಯಿತು, ಮಡುವಿನಲ್ಲಿ ಮೀನು ತುಂಬಿತು, ದಾನಪ್ಪ ಮಾತ್ರ ನಿಲ್ಲಿಸಲಿಲ್ಲ. ಅವನಿಗೆ ಹೊಗಳಿಕೆಯ ರುಚಿ ಹತ್ತಿತ್ತು. ಮರಿಗಳು ಮೊದಲು ಬಂಡೆಯ ಮೇಲೆ ನಿಂತು ಅವನ ಗುಣಗಾನ ಮಾಡಬೇಕು, ಆಮೇಲೆ ಮೀನು. ನೋಡಲೆಂದು ಬೇರೆ ಹಕ್ಕಿಗಳನ್ನೂ ಕರೆತರುತ್ತಿದ್ದ.

ಸಂಕಜ್ಜಿ ಒಂದು ದಿನ ಅವನನ್ನು ತಡೆದು ಕೇಳಿದಳು. "ದಾನಪ್ಪ, ನಿಮ್ಮ ಕುಲದವರೂ ಸಾಲುಗಟ್ಟಿಯೇ ಮೀನು ಹಿಡಿಯುವವರು. ಈ ಮರಿಗಳ ಜೊತೆ ನೀರಿಗಿಳಿ. ಇವುಗಳಲ್ಲಿ ಮುಂದಾಳುಗಳು ತಯಾರಾಗಬೇಕು. ಎರಡು ದಿನದ ಕೆಲಸವಲ್ಲ, ಇವು ಬಲಿಯುವವರೆಗೆ ಜೊತೆಗಿರಬೇಕು."

"ಹಸಿದವರಿಗೆ ಪಾಠ ಹೇಳುವಷ್ಟು ಕಲ್ಲು ಮನಸ್ಸು ನನ್ನದಲ್ಲ ಅಜ್ಜಿ" ಎಂದ ದಾನಪ್ಪ.

ಎಂಥ ನಯವಾದ ಮಾತು ನೋಡಿ! ಮೈ ಬಗ್ಗಿಸಲು ಮನಸ್ಸಿಲ್ಲದವನು ಅದಕ್ಕೆ ಕರುಣೆ ಎಂದು ಹೆಸರಿಟ್ಟ. ಹಿಂಡಿನ ಹಿರಿಯ ಬೋರಣ್ಣನಂತೂ ಕೊಡುವವರ ಮನಸ್ಸು ಕೆಡಿಸಬೇಡವೆಂದು ಅಜ್ಜಿಯನ್ನೇ ಗದರಿದ.

ಅಜ್ಜಿ ಬಿಡಲಿಲ್ಲ. ಮಿಣುಕಿಯೆಂಬ ಹೆಣ್ಣುಮರಿಯನ್ನೂ ಇನ್ನಷ್ಟು ಮರಿಗಳನ್ನೂ ಮಡುವಿನ ಆಚೆ ದಡಕ್ಕೆ ಕರೆದುಕೊಂಡು ಹೋದಳು. ದಿನಕ್ಕೊಂದು ಮರಿ ಮುಂದೆ ಈಜಬೇಕು, ಸಿಳ್ಳೆಯನ್ನು ಅದೇ ಹಾಕಬೇಕು. ಒಂದು ಅವಸರಪಟ್ಟಿತು, ಇನ್ನೊಂದು ತಡಮಾಡಿತು. ಮೀನು ತಪ್ಪಿ ಎಷ್ಟೋ ಸಂಜೆ ಅರೆಹೊಟ್ಟೆಯಲ್ಲೇ ಮಲಗಿದವು. ಆದರೂ ಅಜ್ಜಿ ಅವುಗಳ ಪರವಾಗಿ ಸಿಳ್ಳೆ ಹಾಕಲಿಲ್ಲ. ಎಲ್ಲಿ ತಪ್ಪಿತು ಎಂದು ಅವುಗಳಿಂದಲೇ ಹೇಳಿಸಿದಳು. ಬೋರಣ್ಣ ನೋಡಿ ನಕ್ಕ, ತನ್ನ ಮರಿ ಗುಂಡನನ್ನು ಅತ್ತ ಸುಳಿಯಲೂ ಬಿಡಲಿಲ್ಲ. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಮರಿಗಳ ಸಿಳ್ಳೆ ಹದಕ್ಕೆ ಬಂತು.

ಬೇಸಿಗೆಯಲ್ಲಿ ದಾನಪ್ಪ ಯಾರಿಗೂ ಹೇಳದೆ ದೂರದ ಕೆರೆಗೆ ಹಾರಿಹೋದ. ಬಂಡೆಯ ಮೇಲೆ ನಿಂತವರು ಮಧ್ಯಾಹ್ನದವರೆಗೆ ಅವನನ್ನು ಹೊಗಳುತ್ತಲೇ ಇದ್ದರು. ಮರುದಿನವೂ ಅವನು ಬರಲಿಲ್ಲ. ಕೊನೆಗೆ ಬೋರಣ್ಣ ತಾನೇ ಮುಂದಾಳೆಂದು ನೀರಿಗಿಳಿದ. ಕೊಬ್ಬಿದ ಮೀನೊಂದು ಕಂಡದ್ದೇ ತಡ, ಸಿಳ್ಳೆಯನ್ನೂ ಮರೆತು ಅದರ ಮೇಲೆ ಹಾರಿದ. ಸಾಲು ಚೆಲ್ಲಾಪಿಲ್ಲಿಯಾಯಿತು. ದಿನವೂ ಇದೇ ಪಾಡು. ಗುಂಡ ತಲೆ ಎತ್ತಲೂ ಆಗದೆ ಮಲಗಿಬಿಟ್ಟ.

ಮಡುವಿನ ತುಂಬ ಮೀನಿತ್ತು ಮಕ್ಕಳೇ! ಅದರ ದಡದಲ್ಲೇ ಒಂದು ಮರಿ ಹಸಿವಿನಿಂದ ಸಾಯುತ್ತಿತ್ತು. ಇದಕ್ಕೆ ಸಿಟ್ಟು ಬರದಿದ್ದರೆ ಇನ್ಯಾವುದಕ್ಕೆ ಬರಬೇಕು?

ಬೋರಣ್ಣ ತಲೆ ತಗ್ಗಿಸಿಕೊಂಡು ಆಚೆ ದಡಕ್ಕೆ ಹೋದ. ಮಿಣುಕಿ ಅವನ ಜೊತೆ ಬಂದು ಗುಂಡನ ಬಾಯಿಗೆ ಮೀನಿಟ್ಟಳು. ಅವನು ನುಂಗಿದ್ದು ನೋಡಿದ ಮೇಲೆಯೇ ತಿರುಗಿದಳು.

"ಮಾವ, ಇವತ್ತು ಇವನಿಗೆ ಇದು. ನಾಳೆಯಿಂದ ನೀವು ನಮ್ಮ ಸಾಲಿನಲ್ಲಿ ಈಜಿ. ಇವನು ಎದ್ದ ಮೇಲೆ ಇವನನ್ನೂ ಕಳಿಸಿ. ಮುಂದೆ ಈಜುವ ಸರದಿ ಇವನಿಗೂ ಬರುತ್ತದೆ."

ಚಿಕ್ಕವಳ ಸಿಳ್ಳೆಗೆ ಕಾಯುವುದೆಂದರೆ ಬೋರಣ್ಣನಿಗೆ ಮೈಯುರಿಯಿತು. ಮರಿಯ ಮುಖ ನೋಡಿದ. ಮರುದಿನ ನೀರಿಗಿಳಿದ.

ಮುಂದಿನ ವರ್ಷ ದಾನಪ್ಪ ಚೀಲ ತುಂಬಿಸಿಕೊಂಡು ಬಂದ. ಆ ದಿನ ಸಾಲಿನ ಮುಂದೆ ಗುಂಡನಿದ್ದ. ಎಲ್ಲರೂ ಉಸಿರು ಬಿಗಿಹಿಡಿದು ಅವನ ಸಿಳ್ಳೆಗೆ ಕಾಯುತ್ತಿದ್ದರು. ದಾನಪ್ಪ ಅದನ್ನೇನೂ ಲೆಕ್ಕಿಸಲಿಲ್ಲ, ಸಾಲಿನ ನಡುವೆಯೇ ಮೀನು ಸುರಿದು ಎಲ್ಲರನ್ನೂ ಬಂಡೆಗೆ ಕರೆದ. ಆ ಸದ್ದಿಗೆ ಬೆದರಿ, ಅಟ್ಟಿ ತಂದ ಮೀನೆಲ್ಲ ಆಳಕ್ಕಿಳಿಯಿತು.

ಬೋರಣ್ಣ ಎದುರಿಗೆ ಬಂದು ನಿಂತ. "ದಾನಪ್ಪನವರೇ, ನನ್ನ ಮಗನ ಕೆಲಸ ಕೆಡಿಸಿದಿರಿ. ನಮ್ಮ ಮೇಲೆ ಅಕ್ಕರೆಯಿದ್ದರೆ ಸಾಲಿನ ಕೊನೆಯಲ್ಲಿ ನಿಲ್ಲಿ. ಅವನು ಸಿಳ್ಳೆ ಹಾಕುವವರೆಗೆ ಬಾಯಿ ಮುಚ್ಚಿಕೊಂಡಿರಿ."

ಮರಿಯೊಂದರ ಮಾತಿಗೆ ಕಾಯುವುದೇ? ದಾನಪ್ಪ ರೆಕ್ಕೆ ಬಡಿದು ಎದ್ದ. ಎಲ್ಲಾದರೂ ಹಸಿದವರು ಸಿಗುತ್ತಾರೆಯೇ ಎಂದು ಬೇರೆ ಮಡು ಹುಡುಕುತ್ತಾ ಹೊರಟ. ಗುಂಡ ಅತ್ತ ನೋಡಲೂ ಇಲ್ಲ. ಚದುರಿದವರನ್ನು ಕರೆದು ಸಾಲನ್ನು ಮೊದಲಿನಿಂದ ಕಟ್ಟಿದ.

ನೀತಿ: ಕಷ್ಟದ ದಿನ ಹೊಟ್ಟೆ ತುಂಬಿಸುವುದು ಉಪಕಾರ, ಎಳೆಯರನ್ನು ಮುಂದಾಳುಗಳಾಗಿ ಬೆಳೆಸದೆ ದಿನವೂ ಕೈಯೊಡ್ಡಿಸುವುದು ಉಪಕಾರವಲ್ಲ, ಅನ್ಯಾಯ.