ತಿದ್ದಿದ ಚೀಟಿ

"ಗುರುಗಳೇ, ಪಟ್ಟಿಯೇ ಸುಳ್ಳು ಹೇಳಿದರೆ ಯಾರನ್ನು ನಂಬುವುದು?" ಎಂದು ಭಾರ್ಗವಿ ಕೇಳಿದಳು.

ಅವಳು ಸಿ ಭಾಷೆ ಕಲಿಯಲು ಬರುತ್ತಿದ್ದ ಶಿಷ್ಯೆ. ಇನ್ನೊಂದು ಕಂಪ್ಯೂಟರಿನ ವೆಬ್ ಸೇವೆಯನ್ನು ತಲುಪುವ ಪ್ರೋಗ್ರಾಮು ಬರೆದಿದ್ದಳು. ಸೇವೆಯ ಹೆಸರು ಕೊಟ್ಟರೆ ಕಂಪ್ಯೂಟರು ತನ್ನ ಪಟ್ಟಿ ನೋಡಿ ಅದರ ಪೋರ್ಟ್ ಸಂಖ್ಯೆ, ಅಂದರೆ ಆ ಸೇವೆ ಸಿಗುವ ಬಾಗಿಲಿನ ಸಂಖ್ಯೆ, ಹೇಳಬೇಕು. ವೆಬ್ ಸೇವೆಗೆ ಎಂಬತ್ತು ಎನ್ನಬೇಕಾದದ್ದು ಇಪ್ಪತ್ತು ಸಾವಿರದ ನಾನೂರ ಎಂಬತ್ತು ಎಂದಿತ್ತು. ಅವಳೇ ಒಂದು ಸಾಲು ಸೇರಿಸಿ ಅದನ್ನು ಎಂಬತ್ತಾಗಿ ತಿದ್ದಿದಳು. ಆಮೇಲೆ ಮೂರು ದಿನವಾದರೂ ಆ ಕಡೆಯಿಂದ ಉತ್ತರವಿಲ್ಲ. ನಾಳೆ ಎಲ್ಲರೆದುರು ಅದನ್ನು ನಡೆಸಿ ತೋರಿಸಬೇಕು. ಅವಳಿಗೆ ಅಳುವೇ ಬಂದಿತ್ತು.

"ಪಟ್ಟಿಯನ್ನು ಆಮೇಲೆ ಬೈಯೋಣ, ಕೂತುಕೋ ತಾಯಿ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಕೋಟೆ ಇತ್ತು. ಅದರೊಳಗೆ ನೂರಾರು ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದೊಂದು ಕಸುಬಿನವರು. ಬಂದವರು ಯಾವ ಕಸುಬಿನವರು ಬೇಕೆಂದು ಹೆಬ್ಬಾಗಿಲಿನಲ್ಲಿ ಹೇಳಬೇಕು. ಅಲ್ಲಿದ್ದ ಮುದುಕ ಪಟ್ಟಿ ನೋಡಿ ಬಾಗಿಲಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಒಳಗಿನ ಕಾವಲುಗಾರ ಆ ಚೀಟಿ ನೋಡಿ ಕರೆದೊಯ್ಯುತ್ತಿದ್ದ. ದೇಶ ದೇಶದ ಜನ ಬರುವ ಜಾಗ ಅದು. ಒಬ್ಬರು ಅಂಕಿಯನ್ನು ಎಡದಿಂದ ಓದಿದರೆ ಇನ್ನೊಬ್ಬರು ಬಲದಿಂದ ಓದುತ್ತಿದ್ದರು. ಈ ತಂಟೆಯೇ ಬೇಡವೆಂದು ಕೋಟೆಯವರು ತಮ್ಮೊಳಗೆ ಒಂದೇ ಕ್ರಮ ಇಟ್ಟುಕೊಂಡಿದ್ದರು: ಬಿಡಿ ಮೊದಲು, ಹತ್ತು ಆಮೇಲೆ. ಹನ್ನೆರಡು ಬರೆಯಬೇಕಾದರೆ ಮೊದಲು ಎರಡು, ಅದರ ಪಕ್ಕದಲ್ಲಿ ಒಂದು.

ಒಬ್ಬ ನೇಕಾರನ ಹೆಂಡತಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಕೋಟೆಯ ಸೂಲಗಿತ್ತಿ ಬಂದರೆ ಮಾತ್ರ ಎರಡು ಜೀವವೂ ಉಳಿದೀತು ಎಂದು ನೆರೆಯವರು ಹೇಳಿದರು. ಅವಳದು ಹನ್ನೆರಡನೆಯ ಬಾಗಿಲು ಎಂದೂ ಹೇಳಿ ಕಳಿಸಿದರು. ನೇಕಾರ ಬಿದ್ದು ಎದ್ದು ಓಡಿದ. ಮುದುಕ ಚೀಟಿ ಬರೆದುಕೊಟ್ಟ. ನೇಕಾರ ಎಳೆ ಎಣಿಸಿ ಎಣಿಸಿ ಪಳಗಿದವನು; ಅಂಕಿ ಕಂಡರೆ ಓದದೆ ಬಿಡುವ ಆಸಾಮಿಯಲ್ಲ. ಓದಿದ. ಅವನ ಕಣ್ಣಿಗೆ ಅದು ಇಪ್ಪತ್ತೊಂದು.

ಮುದುಕನಿಗೆ ಕಣ್ಣು ಕಾಣಿಸದು ಎಂದುಕೊಂಡ. ದಾರಿಯಲ್ಲಿ ಬಿದ್ದಿದ್ದ ಇದ್ದಿಲಿನ ಚೂರು ಎತ್ತಿಕೊಂಡು ಅಂಕಿಗಳನ್ನು ಹೊಡೆದುಹಾಕಿ, ತನ್ನ ಊರಿನ ಕ್ರಮದಲ್ಲಿ ಹನ್ನೆರಡು ಎಂದು ಬರೆದ. ಕಾವಲುಗಾರ ಕೋಟೆಯ ಕ್ರಮದಲ್ಲಿ ಅದನ್ನು ಓದಿ ಇಪ್ಪತ್ತೊಂದನೆಯ ಬಾಗಿಲಿಗೆ ಕರೆದೊಯ್ದ. ಅಲ್ಲಿದ್ದವನು ಹಗ್ಗ ಹೊಸೆಯುವವನು. "ಎಷ್ಟು ಮಾರು ಬೇಕು?" ಎಂದು ಕೇಳಿದ.

ನೇಕಾರ ಹೆಬ್ಬಾಗಿಲಿಗೆ ವಾಪಸು ಓಡಿ, ಚೀಟಿಯನ್ನು ಮುದುಕನ ಮುಂದೆ ಎಸೆದ.

"ಏನಜ್ಜಾ ನೀನು, ನನ್ನ ಮನೆ ಹಾಳು ಮಾಡಿದೆಯಲ್ಲ!"

ಮುದುಕ ಚೀಟಿಯ ಮೇಲಿನ ಇದ್ದಿಲಿನ ಗುರುತು ನೋಡಿದ. ಬೈಯಲಿಲ್ಲ. ಮೊದಲು ಬರೆದದ್ದನ್ನೇ ಇನ್ನೊಂದು ಚೀಟಿಯಲ್ಲಿ ಬರೆದು ಅವನ ಕೈಯಲ್ಲಿಟ್ಟ.

"ಇದು ನೀನು ಓದಲಿ ಅಂತ ಬರೆದದ್ದಲ್ಲಪ್ಪ. ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗಿ ಹಾಗೆಯೇ ಕಾವಲುಗಾರನಿಗೆ ಕೊಟ್ಟುಬಿಡು."

ನೇಕಾರ ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ. ಈ ಸಲ ಬಾಗಿಲು ತೆರೆದವಳು ಸೂಲಗಿತ್ತಿ. ಅವನ ಮುಖ ನೋಡಿದ್ದೇ ತಡ, ಏನೂ ಕೇಳದೆ ಹೊರಟು ಬಂದಳು. ಹೊತ್ತು ಇಳಿಯುವಷ್ಟರಲ್ಲಿ ಒಳಗೆ ಮಗು ಅತ್ತಿತು. ತಾಯಿ ಕುಡಿಯಲು ನೀರು ಕೇಳಿದಳು. ಆ ಎರಡು ದನಿ ಕೇಳಿದ ಮೇಲೆ ನೇಕಾರನಿಗೆ ಹೋದ ಜೀವ ಬಂದಂತಾಯಿತು. ಹೊಸ್ತಿಲ ಮೇಲೆ ಕೂತು ಅಳುತ್ತಳುತ್ತಲೇ ನಕ್ಕ.

ಗುರುಗಳು ಕತೆ ನಿಲ್ಲಿಸಿದರು. ಭಾರ್ಗವಿಯ ಎದೆಯ ಮೇಲಿನ ಭಾರ ಇಳಿದಿತ್ತು.

"ಅಂದರೆ ಪಟ್ಟಿ ಸರಿಯಾಗಿಯೇ ಇದೆ! ಜಾಲದ ಕಂಪ್ಯೂಟರುಗಳೆಲ್ಲ ಒಪ್ಪಿಕೊಂಡ ಕ್ರಮದಲ್ಲಿ ಅದು ಕೊಟ್ಟ ಎರಡು ಬೈಟುಗಳನ್ನು ನಾನು ನನ್ನ ಕಂಪ್ಯೂಟರಿನ ಕ್ರಮದಲ್ಲಿ, ಹಿಂದುಮುಂದಾಗಿ ಓದಿದೆ" ಎಂದಳು. ಆಮೇಲೆ ಸ್ವಲ್ಪ ಅಳುಕಿನಿಂದ ಕೇಳಿದಳು: "ಹಾಗಾದರೆ ನನ್ನ ಪ್ರೋಗ್ರಾಮಿನಲ್ಲಿ ತಪ್ಪಿರುವುದು ಎಲ್ಲಿ, ಗುರುಗಳೇ?"

"ತಿದ್ದಲೆಂದು ನೀನು ಸೇರಿಸಿದ ಆ ಒಂದು ಸಾಲಿನಲ್ಲಿ" ಎಂದರು ಗುರುಗಳು.

ಭಾರ್ಗವಿ ಆ ಸಾಲನ್ನು ಅಳಿಸಿದಳು.