ಆಕೆಗುಡ್ಡಕ್ಕೆ ಹೆಸರು ಬಂದದ್ದು

ಹೊಳೆಯ ಆಚೆ ಬಯಲಿನಲ್ಲಿ, ಬಂಡೆಯ ಮೇಲೆ ಬಂಡೆ ಕೂತ ಒಂದು ಸಣ್ಣ ಗುಡ್ಡವಿದೆ. ಇಳಿಬಿಸಿಲಿನಲ್ಲಿ ಆ ಕಲ್ಲುಗಳೆಲ್ಲ ಆಗತಾನೆ ನಿದ್ದೆ ಹೋದಂತೆ ಕಾಣುತ್ತವೆ. ಸುತ್ತಲಿನವರು ಇದನ್ನು ಆಕೆಗುಡ್ಡ ಎನ್ನುತ್ತಾರೆ. ಯಾವ ಆಕೆ ಎಂದು ಕೇಳಿದರೆ ಹಿರಿಯರು ತಟ್ಟನೆ ಉತ್ತರ ಕೊಡುವುದಿಲ್ಲ, ಮೊದಲು ಕೂರಲು ಜಾಗ ತೋರಿಸುತ್ತಾರೆ.

ಹಿಂದೆ ಒಮ್ಮೆ, ರಾಜಧಾನಿಯ ಆಡಂಬರದ ಪೂಜೆಗೆ ಬೇಸತ್ತು, ಅರಸನ ಕೋಪಕ್ಕೂ ಗುರಿಯಾಗಿ, ಪರುವಯ್ಯನೆಂಬ ಭಕ್ತ ತನ್ನವರನ್ನು ಕಟ್ಟಿಕೊಂಡು ಈ ಬಯಲಿಗೆ ಬಂದ. ಇಲ್ಲಿ ಶುದ್ಧರ ಊರು ಎದ್ದಿತು. ದೇವರಿಗಾಗಿ ಊರು ಕಟ್ಟುವವರಿಗೆ ದೇವರೊಬ್ಬನೇ ಸಾಲುವುದಿಲ್ಲ, ಬೇಲಿಯೂ ಬೇಕಾಗುತ್ತದೆ. ಹಿರಿಯರು ಶುದ್ಧರೆಂದು ಒಪ್ಪಿದವರಿಗೆ ಮಾತ್ರ ಸಭೆಯಲ್ಲಿ ಬಾಯಿ, ನೆಲ ನೀರಿನಲ್ಲಿ ಪಾಲು. ಹೊತ್ತು ಮುಳುಗುವಾಗ ಸಭೆ ಕೂಡಿಸಿ ಪರುವಯ್ಯ ಒಬ್ಬೊಬ್ಬರ ಹೆಸರು ಕರೆಯುತ್ತಿದ್ದ, ಅವರು "ಅದೀನಿ" ಎನ್ನುತ್ತಿದ್ದರು. ಹೆಂಡತಿಯ ಹೆಸರನ್ನು ಆತ ಬಾಯಿಬಿಟ್ಟು ಆಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಮನೆಯಲ್ಲಿ ಎಲ್ಲರಂತೆ "ಏ, ಇಲ್ಲಿ ಕೇಳು" ಅಷ್ಟೇ. ಆ ಒಂದು ಕರೆಗಾಗಿ ಅವನು ದಿನವಿಡೀ ಕಾಯುತ್ತಿದ್ದನಂತೆ.

ಆಕೆ ಗುಡ್ಡದ ಮೇಲೆ ಕುರಿಗಾಹಿ ಹೆಂಗಸರೊಡನೆ ಕೂತು ಪ್ರಾರ್ಥಿಸತೊಡಗಿದಳು. ಈ ನೆಲದಲ್ಲಿ ನಮಗಿಂತ ಮೊದಲು ಇದ್ದವರು ಇವರು, ಸಭೆಯಲ್ಲಿ ಇವರಿಗೂ ಮಾತು ಬೇಕು ಎಂದಳು. ಹಿರಿಯರು ಕೆಂಡವಾದರು. ಊರು ಒಡೆಯುವ ಹಾಗಾಯಿತು.

"ತಪ್ಪಾತು ಅಂತ ಒಂದ ಮಾತು ಅಂದುಬಿಡು. ಮಂದಿ ಸುಮ್ಮನಾಗ್ತಾರ" ಎಂದು ಪರುವಯ್ಯ ಬೇಡಿಕೊಂಡ.

"ಅರಸ ದೇವರ ಬಾಗಲಾ ಕಾಯ್ತಾನಂತ ಬಿಟ್ಟು ಬಂದ್ವಿ" ಎಂದಳು ಆಕೆ. "ಈಗ ಆ ಬಾಗಲದಾಗ ನೀವ ನಿಂತೀರಿ."

ಊರೋ ಹೆಂಡತಿಯೋ ಎಂಬ ಇಕ್ಕಟ್ಟಿನಲ್ಲಿ ಅವನು ಊರನ್ನು ಆರಿಸಿಕೊಂಡ. ಆಕೆಯನ್ನು ಗಡಿಯಾಚೆ ಕಳಿಸಿ, ಆ ಹೆಸರನ್ನು ಯಾರೂ ಆಡಕೂಡದು, ಆಡಿದರೆ ಉಳಿದವರು ಕಿವಿ ಮುಚ್ಚಿಕೊಳ್ಳಬೇಕು ಎಂದು ತಾನೇ ಕಟ್ಟಳೆ ಮಾಡಿದ. ಆಕೆ ಗುಡ್ಡ ಹತ್ತಿದಳು, ಇಳಿದದ್ದನ್ನು ಕಂಡವರಿಲ್ಲ. ವರ್ಷಗಳು ಮಂಜಿನಂತೆ ಸರಿದವು. ಸಂಜೆ ಹೆಸರು ಕರೆಯುವಾಗ ಆಕೆಯ ಸರದಿ ಬಂದಲ್ಲಿ ಅವನ ನಾಲಿಗೆ ತಡವರಿಸುತ್ತಿತ್ತು. ಮನಸ್ಸು ಎಷ್ಟು ಬೆಂದಿತ್ತೆಂದು ಅವನೊಬ್ಬನಿಗೇ ಗೊತ್ತು.

ಮುಪ್ಪಿನಲ್ಲಿ ಒಂದು ಸಂಜೆ, ಸಭೆಯಲ್ಲಿ ಹೆಸರು ಕರೆಯುತ್ತ ಪರುವಯ್ಯ ಆಕೆಯ ಸರದಿಗೆ ಬಂದು ನಿಂತ. ಗುಡ್ಡದ ಕಡೆ ತಿರುಗಿ, ಎದೆ ತುಂಬಿ, ಆಕೆಯ ಹೆಸರು ಹಿಡಿದು ಕರೆದ. ಅವನೇ ಕಲಿಸಿದ ಶಿಸ್ತು, ಸಭೆಗೆ ಸಭೆಯೇ ಕಿವಿ ಮುಚ್ಚಿಕೊಂಡಿತು. ಗುಡ್ಡದಿಂದ ಉತ್ತರ ಬಂತೋ ಇಲ್ಲವೋ, ಕಿವಿ ತೆರೆದಿದ್ದವನು ಅವನೊಬ್ಬನೇ. ನಕ್ಕನಂತೆ. ಆಮೇಲೆ ಬೇಲಿ ದಾಟಿ ಗುಡ್ಡದತ್ತ ನಡೆದುಹೋದ.

ಶುದ್ಧರ ಊರು ಎಂದೋ ಹಾಳಾಗಿದೆ. ಗುಡ್ಡದ ಬುಡದಲ್ಲಿ, ಅವರ ಮಕ್ಕಳು ನಾಚಿಕೊಂಡು ಕೆತ್ತಿಸಿದರೆನ್ನುವ ಒಂದು ಕಲ್ಲಿದೆ. ಅದರಲ್ಲಿ ಸಾಲಾಗಿ ಕೂತು ಕಿವಿ ಮುಚ್ಚಿಕೊಂಡ ಜನ, ನಡುವೆ ಬಾಯಿ ತೆರೆದು ನಿಂತ ಒಬ್ಬ ಮುದುಕ. ನೋಡಲು ಬಂದವರು ನಗುತ್ತಾರೆ, ಆಮೇಲೆ ಆಕೆಯ ಹೆಸರೇನು ಎಂದು ಕೇಳುತ್ತಾರೆ. ಅದು ಯಾರಿಗೂ ಗೊತ್ತಿಲ್ಲ.